ರೆಸ್ಯೂಮೆಗೆ ಕೀವರ್ಡ್ ಹಾಕುವುದು ಹೇಗೆ: ಮುಂಬೈ, ಪುಣೆ, ಗೋವಾದಲ್ಲಿ ಕೆಲಸ ಹುಡುಕುವ ಕನ್ನಡಿಗರಿಗೆ

ಅಂಧೇರಿಯ ಒಂದು ಆಫೀಸಿಗೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕು ಅಂದುಕೊಳ್ಳಿ. ಎಚ್‌ಆರ್‌ನವರು ನೌಕ್ರಿ ಡಾಟ್ ಕಾಮ್ ತೆರೆದು, ಹುಡುಕುವ ಜಾಗದಲ್ಲಿ 'ಟ್ಯಾಲಿ', 'ಜಿಎಸ್‌ಟಿ', 'ಟಿಡಿಎಸ್' ಎಂದು ಟೈಪ್ ಮಾಡುತ್ತಾರೆ. ಅನುಭವ 2ರಿಂದ 5 ವರ್ಷ, ಊರು ಮುಂಬೈ, ನೋಟಿಸ್ ಪೀರಿಯಡ್ ಒಂದು ತಿಂಗಳೊಳಗೆ. ಹೆಸರುಗಳ ಉದ್ದ ಪಟ್ಟಿ ಬರುತ್ತದೆ. ಮೇಲಿನ ಒಂದೆರಡು ಪುಟ ನೋಡಿ ಫೋನ್ ಮಾಡಲು ಶುರು ಮಾಡುತ್ತಾರೆ.

ಇತ್ತ ಡೊಂಬಿವಿಲಿಯಲ್ಲಿರುವ ನಮ್ಮ ಹುಡುಗಿಯೊಬ್ಬಳು ಮೂರು ವರ್ಷದಿಂದ ಟ್ಯಾಲಿಯಲ್ಲೇ ಕೂತಿದ್ದಾಳೆ. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಅವಳೇ ಹಾಕುತ್ತಾಳೆ. ಆದರೆ ರೆಸ್ಯೂಮೆಯಲ್ಲಿ ಬರೆದಿರುವುದು 'ಹ್ಯಾಂಡ್ಲಿಂಗ್ ಆಲ್ ಅಕೌಂಟ್ಸ್ ವರ್ಕ್' ಅಂತ. ಆ ಹುಡುಕಾಟದಲ್ಲಿ ಅವಳ ಹೆಸರು ಬರುವುದೇ ಇಲ್ಲ. ಕೆಲಸ ಗೊತ್ತು, ಕೆಲಸದ ಹೆಸರು ಮಾತ್ರ ಕಾಗದದ ಮೇಲೆ ಇಲ್ಲ.

ನಾನು ಪುಣೆಯಲ್ಲಿ ನೇಮಕಾತಿ ಕೆಲಸದಲ್ಲಿರುವುದರಿಂದ ನಮ್ಮ ಕಡೆಯವರ ರೆಸ್ಯೂಮೆಗಳು ವಾಟ್ಸಾಪ್‌ಗೆ ಬರುತ್ತಲೇ ಇರುತ್ತವೆ. "ಅಕ್ಕಾ, ಒಮ್ಮೆ ನೋಡಿ ಹೇಳ್ರಿ" ಅಂತ ಬೆಳಗಾವಿ, ವಿಜಯಪುರದವರು. "ಅಕ್ಕ, ಒಂಚೂರು ಸರಿ ಮಾಡಿಕೊಡಿ" ಅಂತ ಉಡುಪಿ, ಕಾರವಾರದವರು. ಅವರೊಡನೆ ಹತ್ತು ನಿಮಿಷ ಮಾತಾಡಿದರೆ ಎಷ್ಟೊಂದು ಕೆಲಸ ಗೊತ್ತಿದೆ ಅನ್ನುವುದು ತಿಳಿಯುತ್ತದೆ. ರೆಸ್ಯೂಮೆ ನೋಡಿದರೆ ಅದರ ಕಾಲು ಭಾಗವೂ ಇರುವುದಿಲ್ಲ. ಅದಕ್ಕೇ ಈ ಬರಹ. ಕೀವರ್ಡ್ ಹಾಕುವುದು ಅಂದರೆ ಇಲ್ಲದ್ದನ್ನು ಸೇರಿಸುವುದಲ್ಲ. ನೀವು ಮಾಡಿದ ಕೆಲಸವನ್ನು, ಕೆಲಸ ಕೊಡುವವರು ಯಾವ ಹೆಸರಿನಲ್ಲಿ ಹುಡುಕುತ್ತಾರೋ ಅದೇ ಹೆಸರಿನಲ್ಲಿ ಬರೆಯುವುದು.

ಎಟಿಎಸ್ ಅಂದರೆ ಏನು

ದೊಡ್ಡ ಕಂಪನಿಗೆ ಅರ್ಜಿ ಹಾಕಿದರೆ ರೆಸ್ಯೂಮೆ ಮೊದಲು ಹೋಗುವುದು ಒಂದು ಸಾಫ್ಟ್‌ವೇರ್‌ಗೆ. ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್ ಅಂತ ಅದರ ಹೆಸರು, ಎಲ್ಲರೂ ಎಟಿಎಸ್ ಅನ್ನುತ್ತಾರೆ. ವರ್ಕ್‌ಡೇ, ಟಲಿಯೋ, ಝೋಹೋ ರಿಕ್ರೂಟ್ ಎಲ್ಲ ಈ ಸಾಲಿನವು. ಅದು ನಿಮ್ಮ ಫೈಲಿನಿಂದ ಅಕ್ಷರಗಳನ್ನು ಮಾತ್ರ ಎತ್ತಿಕೊಂಡು, ಹೆಸರು, ಫೋನ್, ಓದು, ಕಂಪನಿ, ಸ್ಕಿಲ್ಸ್ ಎಂದು ಬೇರೆ ಬೇರೆ ಖಾನೆಗೆ ಹಂಚುತ್ತದೆ. ಆಮೇಲೆ ಎಚ್‌ಆರ್‌ನವರು ಅದರಲ್ಲಿ ಹುಡುಕುತ್ತಾರೆ.

'ಎಟಿಎಸ್ ರಿಜೆಕ್ಟ್ ಮಾಡಿಬಿಡುತ್ತೆ' ಅನ್ನುವ ಭಯ ಎಲ್ಲರಿಗೂ ಇದೆ. ಸಾಮಾನ್ಯವಾಗಿ ಅದು ತಾನಾಗಿಯೇ ಹೊರಗೆ ಹಾಕುವುದು ಅರ್ಜಿಯ ಜೊತೆಗಿನ ಪ್ರಶ್ನೆಗಳಿಗೆ ನೀವು ಕೊಟ್ಟ ಉತ್ತರ ನೋಡಿ. 'ಈ ಲೈಸೆನ್ಸ್ ಇದೆಯಾ', 'ನೈಟ್ ಶಿಫ್ಟ್ ಆಗುತ್ತಾ' ಇಂಥವು. ಅಲ್ಲಿ ಗಡಿಬಿಡಿಯಲ್ಲಿ ಏನೋ ಒಂದು ಟಿಕ್ ಮಾಡಬೇಡಿ. ಕೀವರ್ಡ್ ಇಲ್ಲದ ರೆಸ್ಯೂಮೆಯ ಕಥೆ ಬೇರೆ. ಅದನ್ನು ಯಾರೂ ಬೇಡ ಅನ್ನುವುದಿಲ್ಲ, ಯಾರ ಕಣ್ಣಿಗೂ ಬೀಳದೆ ಒಳಗೇ ಉಳಿದುಬಿಡುತ್ತದೆ.

ಇನ್ನೊಂದು ಮಾತು. ಸಾಫ್ಟ್‌ವೇರ್ ಆದ ಮೇಲೆ ಕೊನೆಗೆ ಓದುವವರು ಮನುಷ್ಯರೇ. ಮೊದಲು ಎಚ್‌ಆರ್, ಆಮೇಲೆ ಆ ವಿಭಾಗದ ಮ್ಯಾನೇಜರ್. ಹುಡುಕಾಟದಲ್ಲಿ ಸಿಗುವಂತೆಯೂ ಇರಬೇಕು, ಓದಿದವರಿಗೆ ನಂಬಿಕೆಯೂ ಬರಬೇಕು. ಎರಡೂ ಒಂದೇ ಸಾಲಿನಲ್ಲಿ ಆಗುವ ಕೆಲಸ, ಕೆಳಗೆ ತೋರಿಸುತ್ತೇನೆ.

ಮೊದಲು ಆರೇಳು ಜಾಹೀರಾತು ಓದಿ

ಕೀವರ್ಡ್ ಎಲ್ಲಿಂದ ತರುವುದು? ತಲೆಯಿಂದಲ್ಲ, ಜಾಹೀರಾತಿನಿಂದ. ನಿಮಗೆ ಬೇಕಾದ ಒಂದೇ ಹುದ್ದೆಯ ಆರೇಳು ಜಾಹೀರಾತುಗಳನ್ನು ನೌಕ್ರಿ, ಲಿಂಕ್ಡ್‌ಇನ್ ಅಥವಾ ಕಂಪನಿಯ ವೆಬ್‌ಸೈಟಿನಿಂದ ಎತ್ತಿಕೊಳ್ಳಿ. ಕೆಲಸದ ವಿವರ, ಅಂದರೆ ಎಲ್ಲರ ಬಾಯಲ್ಲಿರುವ 'ಜೆಡಿ', ಅದನ್ನೆಲ್ಲ ಒಂದೇ ಫೈಲಿಗೆ ಕಾಪಿ ಮಾಡಿ. ನೀವು ಇರುವ ಊರಿನ ಜಾಹೀರಾತುಗಳೇ ಇರಲಿ. ಒಂದೇ ಹುದ್ದೆಗೆ ಚಾಕಣದ ಕಾರ್ಖಾನೆ ಕೇಳುವುದು ಒಂದು, ಹಿಂಜವಡಿಯ ಆಫೀಸು ಕೇಳುವುದು ಇನ್ನೊಂದು.

ಈಗ ಪೆನ್ನು ಹಿಡಿದು ಗುರುತು ಹಾಕಿ. ಹುದ್ದೆಯ ಹೆಸರು, ಸಾಫ್ಟ್‌ವೇರ್ ಮತ್ತು ಮಶೀನುಗಳ ಹೆಸರು, ಮಾಡಬೇಕಾದ ಕೆಲಸ, ಸರ್ಟಿಫಿಕೇಟ್, ಉದ್ಯಮದ ಹೆಸರು. ಅರ್ಧಕ್ಕಿಂತ ಜಾಸ್ತಿ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳೇ ನಿಮಗೆ ಬೇಕಾದವು. 'ಟೀಮ್ ಪ್ಲೇಯರ್', 'ಹಾರ್ಡ್ ವರ್ಕಿಂಗ್', 'ಡೈನಾಮಿಕ್' ಇವನ್ನು ಬಿಟ್ಟುಬಿಡಿ. ಇಂಥ ಮಾತು ಹಾಕಿ ಹುಡುಕುವ ಎಚ್‌ಆರ್‌ನವರನ್ನು ನಾನಂತೂ ನೋಡಿಲ್ಲ.

ಆ ಪಟ್ಟಿಯ ಪ್ರತಿ ಮಾತಿನ ಮುಂದೆ ಪ್ರಾಮಾಣಿಕವಾಗಿ ಒಂದು ಗುರುತು ಹಾಕಿ: ನಾನೇ ಮಾಡಿದ್ದೇನೆ, ಬೇರೆಯವರ ಜೊತೆ ಸೇರಿ ಮಾಡಿದ್ದೇನೆ, ಮಾಡಿಲ್ಲ. ಮೊದಲ ಎರಡು ರೆಸ್ಯೂಮೆಗೆ. ಮೂರನೆಯದು ಕಲಿಯಬೇಕಾದ ಪಟ್ಟಿಗೆ. ಮೂರನೆಯದನ್ನು ರೆಸ್ಯೂಮೆಗೆ ತುರುಕಿದರೆ ಇಂಟರ್‌ವ್ಯೂನ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಈ ಕೆಲಸಕ್ಕೆ ಚಾಟ್‌ಜಿಪಿಟಿಯ ಸಹಾಯ ಪಡೆದರೆ ತಪ್ಪಿಲ್ಲ. ಜೆಡಿ ಹಾಕಿ 'ಇದರಲ್ಲಿ ಮುಖ್ಯ ಸ್ಕಿಲ್ ಯಾವುವು' ಎಂದು ಕೇಳಿ. ಆದರೆ ರೆಸ್ಯೂಮೆಯನ್ನೇ ಅದರಿಂದ ಬರೆಸಬೇಡಿ. ನೀವು ಮಾಡದ ಕೆಲಸವನ್ನೂ ಅದು ಚೆಂದವಾಗಿ ಬರೆದುಕೊಡುತ್ತದೆ. ಫೋನ್ ನಂಬರ್, ವಿಳಾಸ ಅಳಿಸಿದ ಮೇಲೆಯೇ ಅದಕ್ಕೆ ಏನನ್ನಾದರೂ ಕೊಡಿ.

ಒಂದು ಸಾಲು ಬಿಚ್ಚಿ ನೋಡೋಣ

ಮತ್ತೆ ಆ ಡೊಂಬಿವಿಲಿ ಹುಡುಗಿಯ ರೆಸ್ಯೂಮೆಗೆ ಬರೋಣ. 'ಆಲ್ ಅಕೌಂಟ್ಸ್ ವರ್ಕ್' ಅಂದರೆ ಏನೇನು? ಕೂತು ಕೇಳಿದರೆ ಹೀಗೆ ಬರುತ್ತದೆ. ಬೆಳಗ್ಗೆ ಹೋದ ಕೂಡಲೇ ಹಿಂದಿನ ದಿನದ ಬಿಲ್ಲುಗಳ ಎಂಟ್ರಿ. 11ನೇ ತಾರೀಖಿನೊಳಗೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1. 14ಕ್ಕೆ, ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಬಂದ ಮೇಲೆ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡುವುದು. ಬಿಲ್ ಹಾಕದ ಸಪ್ಲೈಯರ್‌ಗೆ ಫೋನ್ ಮಾಡಿ ಬೆನ್ನು ಹತ್ತುವುದು. 20ರೊಳಗೆ ತಿಂಗಳ ತೆರಿಗೆ ಕಟ್ಟುವ ರಿಟರ್ನ್ 3ಬಿ. ನಡುವೆ ಟಿಡಿಎಸ್ ಕಟ್ಟುವುದು, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದು, ಸಿಎ ಆಫೀಸಿನವರು ಕೇಳಿದ್ದನ್ನೆಲ್ಲ ಕೊಡುವುದು.

ಇಷ್ಟೆಲ್ಲ ಒಂದು ಸಾಲಿನ ಹಿಂದೆ ಅಡಗಿ ಕೂತಿತ್ತು. ಈಗ ಅದನ್ನೇ ಮಾರ್ಕೆಟ್ಟಿನ ಮಾತಿನಲ್ಲಿ ಬರೆಯೋಣ. ರೆಸ್ಯೂಮೆ ಇರುವುದು ಇಂಗ್ಲಿಷಿನಲ್ಲಿ, ಸಾಲುಗಳ ಧಾಟಿ ಹೀಗಿರಲಿ:

'ಟ್ಯಾಲಿಪ್ರೈಮ್‌ನಲ್ಲಿ ಪರ್ಚೇಸ್, ಸೇಲ್ಸ್, ಬ್ಯಾಂಕ್ ಎಂಟ್ರಿ: ತಿಂಗಳಿಗೆ ಸುಮಾರು 400 ಇನ್‌ವಾಯ್ಸ್.'

'ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ ಫೈಲಿಂಗ್; ಜಿಎಸ್‌ಟಿಆರ್-2ಬಿ ಜೊತೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ರಿಕನ್ಸಿಲಿಯೇಶನ್; ವ್ಯತ್ಯಾಸ ಬಂದರೆ ವೆಂಡರ್ ಫಾಲೋಅಪ್.'

'ಟಿಡಿಎಸ್ ಲೆಕ್ಕ, ಪಾವತಿ ಮತ್ತು ಮೂರು ತಿಂಗಳಿಗೊಮ್ಮೆ ರಿಟರ್ನ್. 4 ಖಾತೆಗಳ ಬ್ಯಾಂಕ್ ರಿಕನ್ಸಿಲಿಯೇಶನ್.'

400, 4 ಅನ್ನುವ ಅಂಕಿ ಉದಾಹರಣೆಗೆ ಹಾಕಿದ್ದು. ನಿಮ್ಮದು ಎಷ್ಟೋ ಅಷ್ಟೇ ಹಾಕಿ. ಲೆಕ್ಕ ಇಲ್ಲದಿದ್ದರೆ ಕಳೆದ ತಿಂಗಳ ರಿಜಿಸ್ಟರ್ ತೆಗೆದು ಎಣಿಸಿ, ಅರ್ಧ ಗಂಟೆಯ ಕೆಲಸ. ಅಂಕಿ ಇದ್ದರೆ ಓದುವ ಮ್ಯಾನೇಜರಿಗೆ 'ಇವಳು ನಮ್ಮಷ್ಟು ದೊಡ್ಡ ಕೆಲಸ ನೋಡಿದ್ದಾಳಾ' ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ಇಲ್ಲಿ ಹೊಸದಾಗಿ ಏನೂ ಸೇರಿಸಿಲ್ಲ ಅನ್ನುವುದನ್ನು ಗಮನಿಸಿ. ಇದ್ದ ಕೆಲಸವನ್ನು ಬಿಡಿಸಿ ಬರೆದೆವು, ಅಷ್ಟೇ. ಈಗ 'ಟ್ಯಾಲಿ', 'ಜಿಎಸ್‌ಟಿ', 'ಟಿಡಿಎಸ್' ಮೂರೂ ಸಿಗುತ್ತವೆ. 'ರಿಕನ್ಸಿಲಿಯೇಶನ್' ಅಂತ ಹುಡುಕುವವರಿಗೂ ಸಿಗುತ್ತಾಳೆ.

ಹಳೆಯ ಹೆಸರು, ಹೊಸ ಹೆಸರು

ಇದರಲ್ಲಿ ಬಹಳ ಜನ ಎಡವುತ್ತಾರೆ. ಕೆಲಸ ಅದೇ ಇರುತ್ತದೆ, ಹೆಸರು ಬದಲಾಗಿರುತ್ತದೆ.

ಪುಣೆ ಸುತ್ತಿನ ಚಾಕಣ, ಭೋಸರಿ, ರಾಂಜಣಗಾಂವ್ ಕಡೆ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಗಳು ತುಂಬಾ ಇವೆ. ನಮ್ಮ ಉತ್ತರ ಕರ್ನಾಟಕದ ಡಿಪ್ಲೊಮಾ, ಐಟಿಐ ಹುಡುಗರು ಅಲ್ಲಿ ಕ್ವಾಲಿಟಿಯಲ್ಲಿ, ಪ್ರೊಡಕ್ಷನ್‌ನಲ್ಲಿ ದುಡಿಯುತ್ತಾರೆ. ಅವರ ರೆಸ್ಯೂಮೆಗಳಲ್ಲಿ 'ಟಿಎಸ್ 16949' ಅಂತ ಇನ್ನೂ ಕಾಣುತ್ತದೆ. ವಾಹನ ಉದ್ಯಮದ ಆ ಗುಣಮಟ್ಟದ ನಿಯಮದ ಜಾಗಕ್ಕೆ 2016ರಲ್ಲಿ 'ಐಎಟಿಎಫ್ 16949' ಬಂತು. ಈಗ ಹುಡುಕುವವರು ಟೈಪ್ ಮಾಡುವುದು ಇದನ್ನೇ.

ಅದೇ ಹುಡುಗರ ಇನ್ನೊಂದು ಸಾಲು: 'ಚೆಕಿಂಗ್ ಆಫ್ ಪಾರ್ಟ್ಸ್'. ಯಾವ ಪಾರ್ಟ್, ಯಾವುದರಿಂದ ಚೆಕ್ ಮಾಡಿದಿರಿ? ವರ್ನಿಯರ್, ಮೈಕ್ರೋಮೀಟರ್, ಹೈಟ್ ಗೇಜ್ ಅಂತ ಹೆಸರು ಹಾಕಿ. ಸಿಎಂಎಂ ಮೇಲೆ ಕೆಲಸ ಮಾಡಿದ್ದರೆ 'ಕೋಆರ್ಡಿನೇಟ್ ಮೆಷರಿಂಗ್ ಮಶೀನ್' ಅಂತ ಪೂರ್ತಿ ಹೆಸರೂ ಒಮ್ಮೆ ಇರಲಿ. ಇನ್‌ಕಮಿಂಗ್ ಇನ್‌ಸ್ಪೆಕ್ಷನ್ನೋ, ಇನ್‌ಪ್ರೋಸೆಸ್ಸೋ, ಫೈನಲ್ಲೋ? ಮೂರೂ ಬೇರೆ ಬೇರೆ ಹುಡುಕಾಟ. ಹೊಸ ಪಾರ್ಟ್ ಬಂದಾಗ ಗಿರಾಕಿಗೆ ಕೊಡುವ ಪಿಪಿಎಪಿ ಫೈಲು ಕಟ್ಟಲು ಕೂತಿದ್ದಿರಾ? ಏನೇನು ಕೆಡಬಹುದು ಎಂದು ಮೊದಲೇ ಲೆಕ್ಕ ಹಾಕುವ ಎಫ್‌ಎಂಇಎ ಮೀಟಿಂಗಿನಲ್ಲಿ ಇದ್ದಿರಾ? ಅಳತೆಗಳ ಏರಿಳಿತ ತೋರಿಸುವ ಎಸ್‌ಪಿಸಿ ಚಾರ್ಟ್ ತುಂಬಿದ್ದೀರಾ? ಗಿರಾಕಿಯ ದೂರು ಬಂದಾಗ 8ಡಿ ರಿಪೋರ್ಟ್ ಬರೆದಿದ್ದೀರಾ? ಎಪಿಕ್ಯೂಪಿ (ಹೊಸ ಪಾರ್ಟಿನ ಗುಣಮಟ್ಟದ ಯೋಜನೆ), ಪಿಪಿಎಪಿ, ಎಫ್‌ಎಂಇಎ, ಎಂಎಸ್‌ಎ (ಅಳತೆಯ ವಿಧಾನ ಸರಿಯಿದೆಯಾ ಎಂಬ ಪರೀಕ್ಷೆ), ಎಸ್‌ಪಿಸಿ ಈ ಐದಕ್ಕೆ 'ಕೋರ್ ಟೂಲ್ಸ್' ಅನ್ನುತ್ತಾರೆ. ವಾಹನ ಉದ್ಯಮದ ಕ್ವಾಲಿಟಿ ಕೆಲಸಕ್ಕೆ ಹುಡುಕುವವರು ಇವುಗಳಲ್ಲಿ ಒಂದೆರಡನ್ನಾದರೂ ಹಾಕಿಯೇ ಹಾಕುತ್ತಾರೆ. ನೀವೇ ಮಾಡಿದ್ದರೆ 'ಪ್ರಿಪೇರ್ಡ್' ಎನ್ನಿ, ಸೀನಿಯರ್ ಜೊತೆ ಮಾಡಿದ್ದರೆ 'ಅಸಿಸ್ಟೆಡ್ ಇನ್' ಎನ್ನಿ. 'ಅಸಿಸ್ಟೆಡ್' ಅಂದರೂ ಕೀವರ್ಡ್ ಸಿಗುತ್ತದೆ, ಮಾತೂ ಸುಳ್ಳಾಗುವುದಿಲ್ಲ.

ಮುಂಬೈ ಕಡೆ, ನ್ಹಾವಾ ಶೇವಾ ಬಂದರಿನ ಸುತ್ತ ಕ್ಲಿಯರಿಂಗ್, ಫಾರ್ವರ್ಡಿಂಗ್ ಆಫೀಸುಗಳಲ್ಲಿ ಇರುವವರು 'ಸಿಎಚ್‌ಎ' (ಕಸ್ಟಮ್ ಹೌಸ್ ಏಜೆಂಟ್) ಅಂತಲೇ ಬರೆಯುತ್ತಾರೆ. ಬಾಯಲ್ಲಿ ಇವತ್ತಿಗೂ ಅದೇ. ಕಾನೂನಿನ ಕಾಗದದಲ್ಲಿ ಈಗ ಅವರು 'ಕಸ್ಟಮ್ಸ್ ಬ್ರೋಕರ್'. ಎರಡನ್ನೂ ಹಾಕಿ. 'ಡಾಕ್ಯುಮೆಂಟೇಶನ್' ಅಂತ ಒಂದೇ ಮಾತಿನಲ್ಲಿ ಮುಗಿಸದೆ, ಇಂಪೋರ್ಟ್ ಆದರೆ ಬಿಲ್ ಆಫ್ ಎಂಟ್ರಿ, ಎಕ್ಸ್‌ಪೋರ್ಟ್ ಆದರೆ ಶಿಪ್ಪಿಂಗ್ ಬಿಲ್, ಜೊತೆಗೆ ಸರಕಿನ ವರ್ಗ ಹೇಳುವ ಎಚ್‌ಎಸ್ ಕೋಡ್, ಐಸ್‌ಗೇಟ್ (ಕಸ್ಟಮ್ಸ್ ಇಲಾಖೆಯ ಆನ್‌ಲೈನ್ ಪೋರ್ಟಲ್) ಎಂದು ಬಿಡಿಸಿ ಬರೆಯಿರಿ.

ಅಕೌಂಟ್ಸಿನವರು 'ವ್ಯಾಟ್', 'ಸರ್ವಿಸ್ ಟ್ಯಾಕ್ಸ್' ಅನ್ನು ಸ್ಕಿಲ್ಸ್ ಪಟ್ಟಿಯಲ್ಲಿ ಮೊದಲಿಗೆ ಇಡಬೇಡಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಹಳೆಯ ಅನುಭವ ಆ ವರ್ಷದ ಕೆಲಸದ ಕೆಳಗೆ ಇದ್ದರೆ ಸಾಕು. 'ಟ್ಯಾಲಿ ಇಆರ್‌ಪಿ 9' ಜೊತೆ 'ಟ್ಯಾಲಿಪ್ರೈಮ್' ಕೂಡ ಗೊತ್ತಿದ್ದರೆ ಎರಡೂ ಇರಲಿ. ಎಸ್‌ಎಪಿಯವರು ಹಳೆಯ ಇಸಿಸಿಯೋ ಹೊಸ ಎಸ್/4 ಹಾನಾನೋ ಹೇಳಿ, ಯಾವ ಮಾಡ್ಯೂಲ್ ಅಂತಲೂ ಹೇಳಿ. ಸುಮ್ನೆ 'ಎಸ್‌ಎಪಿ' ಅಂದರೆ ಸಾಲದು.

ಪಿಯುಸಿ ಅಂದರೆ ಇಲ್ಲಿ ಬೇರೆ ಅರ್ಥ

ಕರ್ನಾಟಕದಲ್ಲಿ ಓದಿ ಬಂದವರಿಗೆ ಇದು ಮುಖ್ಯ. ನಾವು 'ಪಿಯುಸಿ' ಅಂತ ಬರೆದು ಮುಂದೆ ಹೋಗುತ್ತೇವೆ. ಮಹಾರಾಷ್ಟ್ರದಲ್ಲಿ ಹನ್ನೆರಡನೆಯ ತರಗತಿಗೆ ಎಚ್‌ಎಸ್‌ಸಿ ಅನ್ನುತ್ತಾರೆ. ಪಿಯುಸಿ ಅಂದರೆ ಇಲ್ಲಿ ಗಾಡಿಯ ಹೊಗೆ ತಪಾಸಣೆಯ ಸರ್ಟಿಫಿಕೇಟ್! ಎಚ್‌ಆರ್‌ನವರು '12ತ್' ಅಥವಾ 'ಎಚ್‌ಎಸ್‌ಸಿ' ಅಂತ ಹುಡುಕಿದರೆ ನಿಮ್ಮ ಪಿಯುಸಿ ಸಿಗುವುದಿಲ್ಲ. ಆದ್ದರಿಂದ '12ನೇ ತರಗತಿ, ಪಿಯುಸಿ, ಕರ್ನಾಟಕ, ಎಚ್‌ಎಸ್‌ಸಿಗೆ ಸಮಾನ' ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಹಾಗೆಯೇ ಎಸ್‌ಎಸ್‌ಎಲ್‌ಸಿ ಪಕ್ಕದಲ್ಲಿ '10ನೇ ತರಗತಿ' ಇರಲಿ. ಇಲ್ಲಿಯವರದು ಎಸ್‌ಎಸ್‌ಸಿ.

ವಿಟಿಯು ಎಂದರೆ ನಮಗೆಲ್ಲ ಗೊತ್ತು. ರೆಸ್ಯೂಮೆಯಲ್ಲಿ 'ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ' ಅನ್ನುವುದರ ಇಂಗ್ಲಿಷ್ ಹೆಸರನ್ನು ಪೂರ್ತಿ ಬರೆದು, ಪಕ್ಕದಲ್ಲಿ ವಿಟಿಯು ಹಾಕಿ. 2014ರ ನವೆಂಬರ್‌ನಲ್ಲಿ ಕರ್ನಾಟಕದ ಹನ್ನೆರಡು ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ನಿಮ್ಮ ಸರ್ಟಿಫಿಕೇಟಿನಲ್ಲಿ ಬೆಲ್ಗಾಮ್ ಅಂತಿದ್ದು, ರೆಸ್ಯೂಮೆಯಲ್ಲಿ ಬೆಳಗಾವಿ ಇದ್ದರೆ ಹೊರ ರಾಜ್ಯದವರಿಗೆ ಅವೆರಡೂ ಒಂದೇ ಊರು ಎಂದು ಗೊತ್ತಿರಬೇಕೆಂದಿಲ್ಲ. ಡಾಕ್ಯುಮೆಂಟ್ ಪರಿಶೀಲನೆಯ ದಿನ ಇದನ್ನೆಲ್ಲ ವಿವರಿಸುತ್ತ ಕೂರುವ ಬದಲು ಕಾಲೇಜಿನ ಹೆಸರು ಸರ್ಟಿಫಿಕೇಟಿನಲ್ಲಿ ಇರುವ ಹಾಗೆಯೇ ಬರೆದುಬಿಡಿ.

ಐಟಿಐ ಮಾಡಿದವರು ಟ್ರೇಡ್ ಹೆಸರು ಬಿಡಬೇಡಿ: ಫಿಟ್ಟರ್, ಟರ್ನರ್, ಮಶಿನಿಸ್ಟ್, ಎಲೆಕ್ಟ್ರಿಶಿಯನ್. ಅಪ್ರೆಂಟಿಸ್ ಆಗಿದ್ದ ವರ್ಷವೂ ಅನುಭವವೇ, ಅದಕ್ಕೆ ಒಂದು ಸಾಲು ಕೊಡಿ. ಮಹಾರಾಷ್ಟ್ರದಲ್ಲಿ ಕ್ಲರ್ಕ್, ಡೇಟಾ ಎಂಟ್ರಿ ತರಹದ ಕೆಲಸಗಳಿಗೆ 'ಎಂಎಸ್-ಸಿಐಟಿ' ಕಂಪ್ಯೂಟರ್ ಸರ್ಟಿಫಿಕೇಟ್ ಕೇಳುವುದುಂಟು. ಮಾಡಿದ್ದರೆ ಅದೇ ಹೆಸರಿನಲ್ಲಿ ಹಾಕಿ, 'ಬೇಸಿಕ್ ಕಂಪ್ಯೂಟರ್' ಅಂತಲ್ಲ.

ಮಾವನ ಹೋಟೆಲಿನ ಅನುಭವವನ್ನು ಮುಚ್ಚಿಡಬೇಡಿ

ಮುಂಬೈಯಲ್ಲಿ ಈ ಮಾತು ಹೇಳಲೇಬೇಕು. ಕಾಲೇಜು ಓದುತ್ತಾ, ಇಲ್ಲವೇ ರಾತ್ರಿ ಶಾಲೆಗೆ ಹೋಗುತ್ತಾ, ಸಂಬಂಧಿಕರ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂತವರು ನಮ್ಮಲ್ಲಿ ಎಷ್ಟೋ ಜನ. ಆ ವರ್ಷಗಳನ್ನು ರೆಸ್ಯೂಮೆಯಲ್ಲಿ ಖಾಲಿ ಬಿಡುತ್ತಾರೆ. 'ಅದೇನು ಕೆಲಸ ಅಕ್ಕ, ಮನೆಯವರದ್ದೇ ಹೋಟೆಲ್' ಅನ್ನುತ್ತಾರೆ. ನನಗೆ ಇದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಗಲ್ಲಾದಲ್ಲಿ ಕೂತವರು ಮಾಡಿದ್ದೇನು? ಬಿಲ್ಲಿಂಗ್ ಮಶೀನ್ ನಡೆಸಿದ್ದಾರೆ, ಅದಕ್ಕೆ 'ಪಿಒಎಸ್' ಅನ್ನುತ್ತಾರೆ. ರಾತ್ರಿ ಕ್ಯಾಶ್, ಕಾರ್ಡ್, ಯುಪಿಐ ಮೂರನ್ನೂ ತಾಳೆ ನೋಡಿ ಲೆಕ್ಕ ಕೊಟ್ಟಿದ್ದಾರೆ. ಸ್ವಿಗ್ಗಿ, ಝೊಮ್ಯಾಟೊ ಆರ್ಡರ್ ನೋಡಿಕೊಂಡು, ಅವರು ಕಮಿಷನ್ ಕಳೆದು ಕಳಿಸಿದ ಹಣ ಸರಿ ಇದೆಯಾ ಎಂದು ನೋಡಿದ್ದಾರೆ. ವಾಶಿ ಮಾರ್ಕೆಟ್ಟಿನ ತರಕಾರಿಯವರಿಗೆ, ಹಾಲಿನವರಿಗೆ ಪೇಮೆಂಟ್ ಕೊಟ್ಟಿದ್ದಾರೆ. ಹುಡುಗರ ಡ್ಯೂಟಿ ಹಾಕಿದ್ದಾರೆ. ಎಫ್‌ಎಸ್‌ಎಸ್‌ಎಐ ಅನ್ನುವ ಆಹಾರ ಸುರಕ್ಷತೆಯ ಲೈಸೆನ್ಸ್ ನವೀಕರಣಕ್ಕೆ ಓಡಾಡಿದ್ದಾರೆ. ಇದನ್ನೆಲ್ಲ 'ಡೈಲಿ ಕ್ಯಾಶ್ ರಿಕನ್ಸಿಲಿಯೇಶನ್', 'ವೆಂಡರ್ ಪೇಮೆಂಟ್', 'ಇನ್ವೆಂಟರಿ', 'ಸ್ಟಾಫ್ ರೋಸ್ಟರ್', 'ಎಫ್‌ಎಸ್‌ಎಸ್‌ಎಐ ಕಂಪ್ಲಯನ್ಸ್' ಎಂದು ಬರೆಯಿರಿ. ರಿಟೇಲ್ ಅಂಗಡಿ, ಬ್ಯಾಂಕಿನ ಕೌಂಟರ್, ಹೋಟೆಲ್ ಕಂಪನಿಗಳಲ್ಲಿ ಈ ಮಾತುಗಳೇ ನಡೆಯುವುದು. ಹುದ್ದೆಯ ಹೆಸರು 'ಕ್ಯಾಶಿಯರ್' ಅಂತಲೇ ಇರಲಿ, 'ಮ್ಯಾನೇಜರ್' ಅಂತ ಉಬ್ಬಿಸಬೇಡಿ. ಓದು ಮತ್ತು ಕೆಲಸದ ವರ್ಷಗಳನ್ನು ಎರಡೂ ಕಡೆ ಸರಿಯಾಗಿ ಹಾಕಿ. ಹಗಲು ಕೆಲಸ ಮಾಡಿ ರಾತ್ರಿ ಓದಿದ್ದು ಆಗ ತಾನಾಗಿಯೇ ಕಾಣುತ್ತದೆ.

ಗೋವಾದ ಹೋಟೆಲ್, ರೆಸಾರ್ಟ್‌ಗಳಲ್ಲಿ ಕೆಲಸ ಮಾಡುವ ಕಾರವಾರ, ಹುಬ್ಬಳ್ಳಿ ಕಡೆಯವರಿಗೂ ಇದೇ ಮಾತು. 'ರಿಸೆಪ್ಶನ್' ಬದಲು 'ಫ್ರಂಟ್ ಆಫೀಸ್' ಹಾಕಿ, ಜೊತೆಗೆ ಚೆಕ್-ಇನ್, ಚೆಕ್-ಔಟ್, ನೈಟ್ ಆಡಿಟ್. ನೀವು ಬಳಸಿದ ಸಾಫ್ಟ್‌ವೇರ್ 'ಒಪೆರಾ' ಆಗಿರಬಹುದು, 'ಐಡಿಎಸ್' ಆಗಿರಬಹುದು, ಹೆಸರು ಬರೆಯಿರಿ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ಸಲ್ಲಿಸುವ ಕೆಲಸ, ಅಂದರೆ ಎಲ್ಲರೂ 'ಸಿ ಫಾರ್ಮ್' ಅನ್ನುವುದು, ಅದನ್ನು ಯಾರೂ ರೆಸ್ಯೂಮೆಗೆ ಹಾಕುವುದೇ ಇಲ್ಲ. ಗೋವಾದಂಥ ಜಾಗದಲ್ಲಿ ಅದು ಗೊತ್ತಿರುವವರು ಬೇಕೇ ಬೇಕು. ವೆರ್ಣಾದ ಔಷಧ ಕಾರ್ಖಾನೆಗಳ ಕಡೆ ಹೋಗುವವರು ಜಿಎಂಪಿ (ಔಷಧ ತಯಾರಿಕೆಯ ನಿಯಮ), ಎಚ್‌ಪಿಎಲ್‌ಸಿ (ಲ್ಯಾಬಿನ ಪರೀಕ್ಷೆ), ಡಿವಿಯೇಶನ್ (ನಿಯಮ ತಪ್ಪಿದ್ದರ ದಾಖಲೆ), ಕಾಪಾ (ತಪ್ಪು ಸರಿಪಡಿಸಿ ಮತ್ತೆ ಆಗದಂತೆ ತಡೆಯುವುದು) ಇವುಗಳಲ್ಲಿ ತಾವು ಮಾಡಿದ್ದನ್ನು ನೋಡಿಕೊಳ್ಳಲಿ.

ಕನ್ನಡವೂ ಒಂದು ಕೀವರ್ಡ್

ಪುಣೆ, ಮುಂಬೈಯ ಕಾಲ್ ಸೆಂಟರ್‌ಗಳು, ಬ್ಯಾಂಕ್ ಮತ್ತು ಇನ್ಶೂರೆನ್ಸ್ ಕಂಪನಿಗಳ ಗ್ರಾಹಕ ಸೇವೆ, ದಕ್ಷಿಣದ ಮಾರ್ಕೆಟ್ ನೋಡುವ ಸೇಲ್ಸ್ ತಂಡಗಳು ಕನ್ನಡ ಬಲ್ಲವರನ್ನು ಹುಡುಕುತ್ತವೆ. ಹುಡುಕುವ ಮಾತು ಸರಳ, ಇಂಗ್ಲಿಷಿನಲ್ಲಿ 'ಕನ್ನಡ' ಅಷ್ಟೇ. ಆದರೆ ಇಲ್ಲೇ ಹುಟ್ಟಿ ಬೆಳೆದ ಕೆಲವರು ಮರಾಠಿ ಧಾಟಿಯಲ್ಲಿ ಕೊನೆಯ 'ಎ' ಬಿಟ್ಟು 'ಕನ್ನಡ್' ಅಂತ ಬರೆಯುತ್ತಾರೆ. ಆ ಒಂದು ಅಕ್ಷರದಿಂದ ಹುಡುಕಾಟ ತಪ್ಪಿಹೋಗಬಹುದು. ಮಾತಾಡಲು, ಓದಲು, ಬರೆಯಲು ಯಾವುದು ಬರುತ್ತದೆ ಎಂದು ಬಿಡಿಸಿ ಹೇಳಿ. ಮುಂಬೈಯಲ್ಲಿ ಬೆಳೆದು ಕನ್ನಡ ಮಾತಾಡಲು ಮಾತ್ರ ಬರುವವರು ಹಾಗೆಂದೇ ಬರೆಯಲಿ, ಫೋನಿನ ಕೆಲಸಕ್ಕೆ ಅಷ್ಟೇ ಸಾಕಾಗುತ್ತದೆ. ತುಳು, ಕೊಂಕಣಿ, ಮರಾಠಿಯನ್ನೂ ಬಿಡಬೇಡಿ.

ಎಲ್ಲಿ ಯಾವುದು

ಹೆಸರಿನ ಕೆಳಗೆ ಹುದ್ದೆಯ ಹೆಸರು ಇರಲಿ, ಜಾಹೀರಾತಿನಲ್ಲಿ ಇದ್ದ ಹಾಗೆ. ನಿಮ್ಮ ಕಂಪನಿ ನಿಮಗೆ 'ಆಫೀಸರ್ ಗ್ರೇಡ್ ಟು' ಅಂತ ಹೆಸರು ಕೊಟ್ಟಿರಬಹುದು, ಹೊರಗೆ ಅದು ಯಾರಿಗೂ ಅರ್ಥವಾಗದು. ಅನುಭವದ ಭಾಗದಲ್ಲಿ ಕಂಪನಿ ಕೊಟ್ಟ ಹೆಸರನ್ನೇ ಇಟ್ಟು, ಪಕ್ಕದಲ್ಲಿ 'ಪರ್ಚೇಸ್ ವಿಭಾಗ' ಎಂದು ಸೇರಿಸಿ. ಅಲ್ಲಿ ಹೆಸರು ಬದಲಾಯಿಸಿದರೆ ಬ್ಯಾಕ್‌ಗ್ರೌಂಡ್ ಪರಿಶೀಲನೆಯಲ್ಲಿ ತೊಂದರೆ ಬರುತ್ತದೆ.

ಆಮೇಲೆ ಎರಡು ಮೂರು ಸಾಲಿನ ಪರಿಚಯ: ಎಷ್ಟು ವರ್ಷ, ಯಾವ ಉದ್ಯಮ, ಮುಖ್ಯವಾದ ನಾಲ್ಕು ಕೆಲಸ. ಅದರ ಕೆಳಗೆ ಸ್ಕಿಲ್ಸ್, ಹತ್ತು ಹನ್ನೆರಡು ಸಾಕು. ಸ್ಕಿಲ್ಸ್‌ನಲ್ಲಿ ಇರುವ ಪ್ರತಿಯೊಂದೂ ಕೆಳಗಿನ ಅನುಭವದಲ್ಲಿ ಒಮ್ಮೆಯಾದರೂ ಕಾಣಬೇಕು. ನಾನಂತೂ ಸ್ಕಿಲ್ಸ್ ಓದಿದ ಕೂಡಲೇ ಕೆಳಗೆ ಕಣ್ಣು ಹಾಯಿಸಿ 'ಇದನ್ನು ಎಲ್ಲಿ ಮಾಡಿದ್ದಾರೆ' ಅಂತ ಹುಡುಕುತ್ತೇನೆ. ಸಿಗದಿದ್ದರೆ ಅನುಮಾನ ಬರುತ್ತದೆ.

ಊರಿನ ಹೆಸರೂ ಹುಡುಕುವ ಮಾತೇ. ಬರೀ 'ಐರೋಳಿ' ಅಂದರೆ ಸಾಲದು, 'ಐರೋಳಿ, ನವಿ ಮುಂಬೈ' ಎನ್ನಿ. ಬೆಳಗಾವಿಯಲ್ಲಿದ್ದು ಪುಣೆಗೆ ಹಾಕುತ್ತಿದ್ದರೆ 'ಪುಣೆಗೆ ಬರಲು ಸಿದ್ಧ' ಅನ್ನುವುದು ಮೇಲೆಯೇ ಕಾಣಲಿ. ಆಧಾರ್, ಪ್ಯಾನ್ ನಂಬರ್, ಜಾತಿ, ಅಪ್ಪನ ಉದ್ಯೋಗ ಯಾವುದೂ ರೆಸ್ಯೂಮೆಯಲ್ಲಿ ಬೇಡ.

ನೋಟ್‌ಪ್ಯಾಡ್ ಪರೀಕ್ಷೆ

ಎಷ್ಟೇ ಒಳ್ಳೆಯ ಕೀವರ್ಡ್ ಇದ್ದರೂ ಸಾಫ್ಟ್‌ವೇರ್‌ಗೆ ಓದಲು ಬರದಿದ್ದರೆ ವ್ಯರ್ಥ. ಪರೀಕ್ಷೆ ಸುಲಭ. ನಿಮ್ಮ ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಏನೂ ಬರದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಅದರಲ್ಲಿ ಅಕ್ಷರವೇ ಇಲ್ಲ. ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆದು ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸುವವರ ಗತಿ ಇದೇ. ಸಾಲುಗಳು ಒಂದರೊಳಗೊಂದು ಸೇರಿಕೊಂಡು ಬಂದರೆ ಎರಡು ಕಾಲಂ ಅಥವಾ ಟೇಬಲ್ ಕಾರಣ. ಕ್ಯಾನ್ವಾದ ಬಣ್ಣದ ಟೆಂಪ್ಲೇಟುಗಳಲ್ಲಿ ಇದು ಹೆಚ್ಚು. ಒಂದೇ ಕಾಲಂ, ಸಾದಾ ಅಕ್ಷರ, ವರ್ಡ್ ಫೈಲ್ ಅಥವಾ ವರ್ಡ್‌ನಿಂದಲೇ ಮಾಡಿದ ಪಿಡಿಎಫ್ ಸಾಕು. ಫೋನ್ ನಂಬರನ್ನು ಹೆಡರ್‌ನಲ್ಲಿ ಇಡಬೇಡಿ, ಕೆಲವು ಸಾಫ್ಟ್‌ವೇರ್ ಹೆಡರ್ ಓದುವುದಿಲ್ಲ. 'ಎಕ್ಸೆಲ್: ನಾಲ್ಕು ನಕ್ಷತ್ರ' ಅಂತ ಚಿತ್ರ ಹಾಕುವುದಕ್ಕಿಂತ 'ಪಿವಟ್ ಟೇಬಲ್, ವಿಲುಕಪ್' ಅಂತ ಬರೆಯಿರಿ.

ಸ್ಪೆಲ್ಲಿಂಗ್ ಇನ್ನೊಮ್ಮೆ ನೋಡಿ, ಕಂಪ್ಯೂಟರ್ ಮೇಲೆ ಭಾರ ಹಾಕಬೇಡಿ. 'ಮ್ಯಾನೇಜರ್' ಬರೆಯುವಾಗ ನಡುವಿನ ಒಂದು 'ಎ' ಬಿಟ್ಟುಹೋದರೂ ಅದು ಇಂಗ್ಲಿಷಿನಲ್ಲಿ ಇನ್ನೊಂದು ಪದವೇ ಆಗುತ್ತದೆ. ಹಾಗಾಗಿ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯುವುದಿಲ್ಲ.

ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಕೀವರ್ಡ್ ಅಡಗಿಸುವ ಉಪಾಯ ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. ಖಂಡಿತ ಮಾಡಬೇಡಿ. ಸಾಫ್ಟ್‌ವೇರ್ ಬಣ್ಣ ತೆಗೆದು ಬರೀ ಬರಹ ತೋರಿಸುತ್ತದೆ, ಅಡಗಿಸಿದ್ದೆಲ್ಲ ಎಚ್‌ಆರ್ ಕಣ್ಣ ಮುಂದೆ ಬರುತ್ತದೆ. ಅಲ್ಲಿಗೆ ನಂಬಿಕೆ ಹೋಯಿತು.

ಪೋರ್ಟಲ್ ಮತ್ತು ಪರಿಚಯದವರು

ರೆಸ್ಯೂಮೆ ಆದ ಮೇಲೆ ಅದೇ ಮಾತುಗಳನ್ನು ನೌಕ್ರಿಯ 'ರೆಸ್ಯೂಮೆ ಹೆಡ್‌ಲೈನ್' ಮತ್ತು 'ಕೀ ಸ್ಕಿಲ್ಸ್'ನಲ್ಲಿ ಹಾಕಿ. ಲಿಂಕ್ಡ್‌ಇನ್ ಹೆಡ್‌ಲೈನ್‌ನಲ್ಲಿ 220 ಅಕ್ಷರಗಳ ಜಾಗ ಇದೆ. 'ಲುಕಿಂಗ್ ಫಾರ್ ಜಾಬ್' ಅಂತ ಅದನ್ನು ವ್ಯರ್ಥ ಮಾಡದೆ 'ಕ್ವಾಲಿಟಿ ಎಂಜಿನಿಯರ್, ಪಿಪಿಎಪಿ, ಐಎಟಿಎಫ್ 16949, ಪುಣೆ' ಎಂಬ ಹಾಗೆ ಬರೆಯಿರಿ. ನೋಟಿಸ್ ಪೀರಿಯಡ್ ನಿಜವಾದದ್ದನ್ನೇ ಹಾಕಿ, ಬದಲಾದಾಗ ಸರಿ ಮಾಡಿ. ಎರಡು ಬೇರೆ ತರಹದ ಹುದ್ದೆಗೆ ಹಾಕುತ್ತಿದ್ದರೆ ಎರಡು ರೆಸ್ಯೂಮೆ ಇಟ್ಟುಕೊಳ್ಳಿ. ಕ್ವಾಲಿಟಿಗೂ ಪ್ರೊಡಕ್ಷನ್‌ಗೂ ಒಂದೇ ರೆಸ್ಯೂಮೆ ಕಳಿಸಿದರೆ ಎರಡೂ ಕಡೆ ಅರೆಬರೆ ಕಾಣುತ್ತದೆ. ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರು, ಹುದ್ದೆ ಇರಲಿ, 'ನ್ಯೂ ಫೈನಲ್ 2' ಬೇಡ.

ನಮ್ಮವರಲ್ಲಿ ಸಂಘದ ಪರಿಚಯ, ಊರಿನ ಪರಿಚಯದಿಂದ ಕೆಲಸ ಸಿಗುವುದು ಇದ್ದೇ ಇದೆ. 'ಅಣ್ಣ ಕಂಪನಿಯಲ್ಲೇ ಇದ್ದಾನೆ, ಕೀವರ್ಡ್ ಯಾಕೆ' ಅನ್ನಬೇಡಿ. ಅಣ್ಣ ರೆಫರ್ ಮಾಡುವುದು ಕಂಪನಿಯ ಪೋರ್ಟಲ್‌ನಲ್ಲೇ. ರೆಸ್ಯೂಮೆ ಅದೇ ಎಟಿಎಸ್‌ಗೆ ಹೋಗುತ್ತದೆ, ಪಕ್ಕದಲ್ಲಿ ಅವನ ಹೆಸರು ಇರುತ್ತದೆ ಅಷ್ಟೇ. ಅವನಿಗೆ ವಾಟ್ಸಾಪ್ ಮಾಡುವಾಗ ಸುಮ್ನೆ ರೆಸ್ಯೂಮೆ ಕಳಿಸಿ 'ನೋಡಣ್ಣ' ಅನ್ನುವ ಬದಲು, ಕಂಪನಿಯ ವೆಬ್‌ಸೈಟಿನಿಂದ ಹುದ್ದೆಯ ಹೆಸರು ಮತ್ತು ಜಾಬ್ ಐಡಿ ಹುಡುಕಿ ಜೊತೆಗೆ ಕಳಿಸಿ. 'ಅಣ್ಣ, ಸಪ್ಲೈಯರ್ ಕ್ವಾಲಿಟಿ ಎಂಜಿನಿಯರ್ ಹುದ್ದೆ, ಜಾಬ್ ಐಡಿ ಇದು. ಪಿಪಿಎಪಿ, 8ಡಿ ಎರಡೂ ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ, ನೋಟಿಸ್ 30 ದಿನ.' ಇಷ್ಟಿದ್ದರೆ ಅವನು ಊಟದ ಬಿಡುವಿನಲ್ಲೇ ಪೋರ್ಟಲ್‌ಗೆ ಹಾಕಿ ಮುಗಿಸುತ್ತಾನೆ.